ಕಿರುಗಣಕಕ್ಕೆ ಸ್ವಾವಲಂಬನೆ ಕಲಿಸಿದ ಉಪಾಧ್ಯಾಯ: ಗ್ಯಾರಿ ಕಿಲ್ಡಾಲ್

ಕಳೆದ ಶತಮಾನದ ಎಂಬತ್ತರ ದಶಕದ ಕೊನೆಯಲ್ಲಿ ಮುಂಬಯಿಯ ಕೋಟೆ ಪ್ರದೇಶದ ಕಚೇರಿಗಳಲ್ಲಾಗಲಿ, ಪುಣೆಯ ಕಾರ್ಖಾನೆಗಳ ಲೆಕ್ಕಪತ್ರ ವಿಭಾಗಗಳಲ್ಲಾಗಲಿ ದುಡಿದ ನಮ್ಮ ಹಿರಿಯರಿಗೆ ಒಂದು ದೃಶ್ಯ ಇನ್ನೂ ನೆನಪಿರಬಹುದು. ಕಪ್ಪು ಪರದೆಯ ಮೂಲೆಯಲ್ಲಿ ಹಸಿರು ಬಣ್ಣದ ‘ಎ’ ಎಂಬ ಆಂಗ್ಲ ಅಕ್ಷರ, ಅದರ ಪಕ್ಕದಲ್ಲಿ ಬಾಣದ ಮೊನೆಯಂತಹ ಒಂದು ಗುರುತು, ಅದರ ಮುಂದೆ ಅಪ್ಪಣೆಗಾಗಿ ಕಾಯುತ್ತಾ ಮಿಣುಕುವ ಪುಟ್ಟ ಗೆರೆ. ಪತ್ರ ಬರೆಯಲು ವರ್ಡ್‌ಸ್ಟಾರ್, ಖಾತೆಗಳನ್ನು ಇಡಲು ಡಿಬೇಸ್. ಅಂದಿನ ಕಚೇರಿಗಳಲ್ಲಿ ಇದೆಲ್ಲ ನಡೆಯುತ್ತಿದ್ದುದು ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲೆ. ಆದರೆ ಆ ‘ಎ’ ಅಕ್ಷರವಾಗಲಿ, ಅದರ ಪಕ್ಕದ ಗುರುತಾಗಲಿ, ಕಡತದ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು ಅಕ್ಷರ ಎಂಬ ಕಟ್ಟಳೆಯಾಗಲಿ ಡಾಸ್‌ನ ಸ್ವಂತ ಸೊತ್ತಾಗಿರಲಿಲ್ಲ. ಅವೆಲ್ಲವೂ ಅದಕ್ಕಿಂತ ಹಲವು ವರ್ಷ ಮೊದಲೇ ಅಮೆರಿಕದ ಕ್ಯಾಲಿಫೋರ್ನಿಯಾದ ಕಡಲತೀರದ ಒಂದು ಸಣ್ಣ ಊರಿನಲ್ಲಿ, ಒಬ್ಬ ಉಪಾಧ್ಯಾಯರ ಮನೆಯಂಗಳದ ಕೊಠಡಿಯಲ್ಲಿ ರೂಪುಗೊಂಡ ಸಿಪಿ/ಎಂ ಎಂಬ ವ್ಯವಸ್ಥೆಯ ಗುರುತುಗಳು. ಆ ಉಪಾಧ್ಯಾಯರೇ ಗ್ಯಾರಿ ಕಿಲ್ಡಾಲ್.

ಕಿಲ್ಡಾಲ್ ಅವರ ಹೆಸರು ಕೇಳಿದೊಡನೆ ಬಹುತೇಕರು ಹೇಳುವುದು ಒಂದೇ ಕಥೆ: ಐಬಿಎಂ ಸಂಸ್ಥೆಯವರು ಬಾಗಿಲಿಗೆ ಬಂದ ದಿನ ವಿಮಾನ ಹಾರಿಸಲು ಹೋಗಿ ಕೋಟ್ಯಂತರ ಸಂಪತ್ತನ್ನು ಕೈಬಿಟ್ಟವರು ಎಂಬ ಕಥೆ. ಐವತ್ತೆರಡು ವರ್ಷಗಳ ಒಂದು ಬದುಕನ್ನು ಒಂದು ಮುಂಜಾನೆಗೆ ಇಳಿಸಿಬಿಡುವುದು ನ್ಯಾಯವಲ್ಲ. ಅವರು ನಿಜವಾಗಿ ಸಾಧಿಸಿದ್ದು ಬೇರೆಯೇ ಒಂದು ಸಂಗತಿ. ತನ್ನ ಕಾರ್ಯಕ್ರಮವನ್ನು ತಾನೇ ಬರೆದು, ಜೋಡಿಸಿ, ಬೆಸೆದು, ನಡೆಸಿಕೊಳ್ಳುವ ಶಕ್ತಿಯನ್ನು ಅವರು ಸಾಮಾನ್ಯ ಹವ್ಯಾಸಿಯ ಮೇಜಿನ ಮೇಲಿದ್ದ ಪುಟ್ಟ ಯಂತ್ರಕ್ಕೆ ತಂದುಕೊಟ್ಟರು. ಈ ಲೇಖನದ ಉದ್ದೇಶ ಆ ಸಾಧನೆಯನ್ನು ಸ್ಮರಿಸುವುದು.

ನಾವಿಕರ ಮನೆಯ ಹುಡುಗ

ಗ್ಯಾರಿ ಆರ್ಲೆನ್ ಕಿಲ್ಡಾಲ್ ಜನಿಸಿದ್ದು 1942ರ ಮೇ 19ರಂದು, ಅಮೆರಿಕದ ವಾಯವ್ಯ ಭಾಗದ ಬಂದರು ನಗರ ಸಿಯಾಟಲ್‌ನಲ್ಲಿ. ನಾರ್ವೆ ಮೂಲದ ಅವರ ಮನೆತನದ ವೃತ್ತಿ ನೌಕಾವಿದ್ಯೆಯ ಬೋಧನೆ. ತಾತ ಸ್ಥಾಪಿಸಿದ ನೌಕಾಶಾಲೆಯನ್ನು ತಂದೆ ಜೋಸೆಫ್ ನಡೆಸುತ್ತಿದ್ದರು. ನಕ್ಷತ್ರಗಳ ಎತ್ತರವನ್ನು ಅಳೆದು, ತ್ರಿಕೋನಮಿತಿಯ ಕೋಷ್ಟಕಗಳನ್ನು ತಿರುವಿ, ನಡುಗಡಲಿನಲ್ಲಿ ಹಡಗು ಎಲ್ಲಿದೆ ಎಂದು ಲೆಕ್ಕ ಹಾಕುವ ವಿದ್ಯೆ ಅಲ್ಲಿ ದಿನನಿತ್ಯದ ಪಾಠ. ತರುಣ ಗ್ಯಾರಿ ಕೂಡ ಆ ಶಾಲೆಯಲ್ಲಿ ಪಾಠ ಹೇಳಿದವರೇ. ಹೀಗೆ ಲೆಕ್ಕ ಮತ್ತು ಬೋಧನೆ ಎರಡೂ ಅವರಿಗೆ ಮನೆಯಿಂದಲೇ ಬಂದ ಬಳುವಳಿ.

ಗಣಿತದ ಉಪಾಧ್ಯಾಯನಾಗಬೇಕೆಂಬ ಬಯಕೆಯಿಂದ ಅವರು ವಾಷಿಂಗ್‌ಟನ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಗಣಕಯಂತ್ರದ ಪರಿಚಯವಾದ ಮೇಲೆ ಮನಸ್ಸು ಅತ್ತ ತಿರುಗಿತು. ಡೊರೊತಿ ಮ್ಯಾಕ್‌ಯೂವನ್ ಅವರನ್ನು ವಿವಾಹವಾದರು. ಅದು ವಿಯೆಟ್ನಾಂ ಯುದ್ಧದ ಕಾಲ. ತರುಣರಿಗೆ ಸೈನಿಕ ಸೇವೆ ಕಡ್ಡಾಯವಾಗಿತ್ತು. ಕಿಲ್ಡಾಲ್ ಅವರ ಪಾಲಿಗೆ ಬಂದ ಸೇವೆ ರಣರಂಗದ್ದಲ್ಲ, ತರಗತಿಯದು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾದಳದ ಸ್ನಾತಕೋತ್ತರ ವಿದ್ಯಾಲಯದಲ್ಲಿ ಅವರು ಅಧ್ಯಾಪಕರಾದರು. ಮುಂದೆ ಸಿಯಾಟಲ್‌ಗೆ ಮರಳಿ 1972ರಲ್ಲಿ ಡಾಕ್ಟರೇಟ್ ಪದವಿಯನ್ನು ಪೂರ್ಣಗೊಳಿಸಿ, ಪುನಃ ಮಾಂಟೆರೆಯಲ್ಲೇ ಬೋಧನೆಯನ್ನು ಮುಂದುವರಿಸಿದರು.

ಅವರ ಸಂಶೋಧನೆಯ ವಿಷಯ ಕಂಪೈಲರ್. ಮನುಷ್ಯನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಕಾರ್ಯಕ್ರಮವನ್ನು ಯಂತ್ರದ ಅಪ್ಪಣೆಗಳಾಗಿ ಪರಿವರ್ತಿಸುವ ತಂತ್ರಾಂಶಕ್ಕೆ ಈ ಹೆಸರು. ಹೀಗೆ ಪರಿವರ್ತಿಸುವಾಗ ವ್ಯರ್ಥವಾದ ಲೆಕ್ಕಗಳನ್ನು ಗುರುತಿಸಿ ತೆಗೆದುಹಾಕುವುದು ಹೇಗೆ ಎಂಬ ಪ್ರಶ್ನೆಗೆ ಅವರು ಶುದ್ಧ ಗಣಿತದ ನೆಲೆಯಲ್ಲಿ ಉತ್ತರವನ್ನು ಕಂಡುಕೊಂಡರು. 1973ರಲ್ಲಿ ಪ್ರಕಟವಾದ ಅವರ ಪ್ರಬಂಧ ದತ್ತಾಂಶದ ಹರಿವನ್ನು ವಿಶ್ಲೇಷಿಸುವ ಶಾಸ್ತ್ರಕ್ಕೆ ತಳಹದಿಯಾಯಿತು. ಇಂದಿಗೂ ಕಂಪೈಲರ್ ವಿದ್ಯೆಯ ಪಠ್ಯಗಳಲ್ಲಿ ಆ ವಿಧಾನವನ್ನು ಅವರ ಹೆಸರಿನಿಂದಲೇ ಕಲಿಸಲಾಗುತ್ತದೆ. ಬೇರೇನನ್ನೂ ಮಾಡದೆ ಹೋಗಿದ್ದರೂ ಈ ಒಂದು ಪ್ರಬಂಧದಿಂದ ಅವರ ಹೆಸರು ಉಳಿಯುತ್ತಿತ್ತು.

ಅಂಗೈಯಗಲದ ಯಂತ್ರ, ದೂರದ ಅಡುಗೆಮನೆ

1971ರ ಕೊನೆಯಲ್ಲಿ ಇಂಟೆಲ್ ಸಂಸ್ಥೆ 4004 ಎಂಬ ಸೂಕ್ಷ್ಮ ಸಂಸ್ಕಾರಕವನ್ನು ಮಾರುಕಟ್ಟೆಗೆ ತಂದಿತು. ಬೆರಳುಗುರಿನಷ್ಟು ಸಿಲಿಕಾನ್ ತುಣುಕಿನಲ್ಲಿ ಒಂದು ಪೂರ್ಣ ಸಂಸ್ಕಾರಕ! ಕೋಣೆ ತುಂಬುವ ಯಂತ್ರಗಳನ್ನೇ ಕಂಡಿದ್ದ ವಿದ್ವಾಂಸರಲ್ಲಿ ಅನೇಕರಿಗೆ ಅದೊಂದು ಆಟಿಕೆಯಾಗಿ ತೋರಿತು. ಕಿಲ್ಡಾಲ್ ಅವರಿಗೆ ಮಾತ್ರ ಅದರಲ್ಲಿ ತಂದೆಯ ನೌಕಾಶಾಲೆಯ ಲೆಕ್ಕಗಳನ್ನು ಮಾಡಬಲ್ಲ ಪುಟ್ಟ ಸಹಾಯಕ ಕಂಡಿತು. ಅದಕ್ಕಾಗಿ ತ್ರಿಕೋನಮಿತಿಯ ಕಾರ್ಯಕ್ರಮಗಳನ್ನು ಬರೆಯತೊಡಗಿದರು. ಬಿಡುವಿನ ದಿನಗಳಲ್ಲಿ ಇಂಟೆಲ್ ಸಂಸ್ಥೆಗೆ ಸಲಹೆಗಾರರಾದರು. ನಂತರ ಬಂದ 8008 ಮತ್ತು 8080 ಎಂಬ ಸಂಸ್ಕಾರಕಗಳಿಗಾಗಿ 1973ರ ವೇಳೆಗೆ ಪಿಎಲ್/ಎಂ ಎಂಬ ಭಾಷೆಯನ್ನು ಸೃಷ್ಟಿಸಿ, ಅದರ ಕಂಪೈಲರನ್ನೂ ರಚಿಸಿಕೊಟ್ಟರು. ಸೂಕ್ಷ್ಮ ಸಂಸ್ಕಾರಕಗಳಿಗೆಂದೇ ಹುಟ್ಟಿದ ಮೊದಲ ಉನ್ನತ ಮಟ್ಟದ ಭಾಷೆ ಅದು.

ಆದರೆ ಅಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇತ್ತು. ಕಂಪೈಲರ್ ಓಡುತ್ತಿದ್ದುದು ಪುಟ್ಟ ಯಂತ್ರದಲ್ಲಲ್ಲ. ಫೋರ್ಟ್ರಾನ್ ಭಾಷೆಯಲ್ಲಿ ಬರೆಯಲಾಗಿದ್ದ ಅದಕ್ಕೆ ದೊಡ್ಡ ಗಣಕಯಂತ್ರವೇ ಬೇಕಿತ್ತು. ದೊಡ್ಡ ಯಂತ್ರದಲ್ಲಿ ಕಾರ್ಯಕ್ರಮವನ್ನು ಪರಿವರ್ತಿಸಿ, ಫಲಿತವನ್ನು ಕಾಗದದ ಪಟ್ಟಿಯ ಮೇಲೆ ರಂಧ್ರಗಳಾಗಿ ಕೊರೆಯಿಸಿ, ಆ ಪಟ್ಟಿಯನ್ನು ಪುಟ್ಟ ಯಂತ್ರಕ್ಕೆ ಉಣಿಸಬೇಕಿತ್ತು. ಒಂದು ತಪ್ಪು ಕಂಡರೆ ಮತ್ತೆ ಮೊದಲಿನಿಂದ ಯಾತ್ರೆ. ಊಟದ ಎಲೆ ಮನೆಯಲ್ಲಿ, ಅಡುಗೆ ಮಾತ್ರ ಊರಾಚೆಯ ಅರಮನೆಯಲ್ಲಿ ಎಂಬಂತಿತ್ತು. ಅರಮನೆಯ ಪ್ರವೇಶವಿದ್ದ ಪ್ರಾಧ್ಯಾಪಕರಿಗೆ, ಸಂಸ್ಥೆಯ ನೌಕರರಿಗೆ ಇದು ಸಾಧ್ಯ. ಮನೆಯಲ್ಲಿ ಬೆಸುಗೆ ಕಡ್ಡಿ ಹಿಡಿದು ಕುಳಿತ ಹವ್ಯಾಸಿಗೆ ಸಾಧ್ಯವಿರಲಿಲ್ಲ.

ಪುಟ್ಟ ಯಂತ್ರ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳಬೇಕಾದರೆ ಏನು ಬೇಕು? ಬರೆದುದನ್ನು ಕಾಪಾಡುವ ಜಾಗ ಬೇಕು. ಆಗಷ್ಟೇ ಬಳಕೆಗೆ ಬರುತ್ತಿದ್ದ ಫ್ಲಾಪಿ ಡಿಸ್ಕ್ ಅದಕ್ಕೆ ತಕ್ಕದಾಗಿತ್ತು. ಎಂಟು ಅಂಗುಲದ ಒಂದು ತಟ್ಟೆಯಲ್ಲಿ 77 ವರ್ತುಲಗಳು, ಪ್ರತಿಯೊಂದರಲ್ಲಿ 26 ಖಂಡಗಳು, ಒಂದೊಂದು ಖಂಡದಲ್ಲಿ 128 ಅಕ್ಷರಗಳು. ಒಟ್ಟು ಸುಮಾರು ಎರಡೂವರೆ ಲಕ್ಷ ಅಕ್ಷರಗಳ ಜಾಗ. ಕಿಲ್ಡಾಲ್ ಶುಗಾರ್ಟ್ ಸಂಸ್ಥೆಯ ಒಂದು ಡಿಸ್ಕ್ ಯಂತ್ರವನ್ನು ಸಂಪಾದಿಸಿದರು. ಅದನ್ನು ಸಂಸ್ಕಾರಕದೊಂದಿಗೆ ಜೋಡಿಸುವ ವಿದ್ಯುನ್ಮಂಡಲವನ್ನು ಕಟ್ಟಲು ತಾವೇ ಹೆಣಗಾಡಿ ಸೋತರು. ಕೊನೆಗೆ ವಿಶ್ವವಿದ್ಯಾಲಯದ ದಿನಗಳ ಗೆಳೆಯ ಜಾನ್ ಟೊರೋಡಿ ಆ ಕೆಲಸವನ್ನು ಪೂರೈಸಿಕೊಟ್ಟರು. 1974ರಲ್ಲಿ, ಮಾಂಟೆರೆಯ ನೆರೆಯ ಊರಾದ ಪೆಸಿಫಿಕ್ ಗ್ರೋವ್‌ನಲ್ಲಿ, ಡಿಸ್ಕಿನಿಂದ ಕಡತಗಳನ್ನು ಓದಿ ಬರೆಯುವ ಕಾರ್ಯಾಚರಣ ವ್ಯವಸ್ಥೆ ಮೊದಲ ಬಾರಿಗೆ ಉಸಿರಾಡಿತು. ಅದೇ ಸಿಪಿ/ಎಂ. ಇಂಟೆಲ್ ಸಂಸ್ಥೆಗೆ ಅದನ್ನು ನೀಡಲು ಕಿಲ್ಡಾಲ್ ಮುಂದಾದರೂ ಸಂಸ್ಥೆ ಆಸಕ್ತಿ ತೋರಲಿಲ್ಲ. ಆ ನಿರಾಕರಣೆಯಿಂದಾಗಿ ವ್ಯವಸ್ಥೆ ಅದರ ಕರ್ತೃವಿನ ಕೈಯಲ್ಲೇ ಉಳಿಯಿತು.

ಅಭಿನಂದನ ಗ್ರಂಥದ ದೃಷ್ಟಾಂತ

ಕಂಪೈಲರ್ ತನ್ನ ಕೆಲಸ ಮುಗಿಸಿದ ಕೂಡಲೇ ಕಾರ್ಯಕ್ರಮ ಓಡಲು ಸಿದ್ಧವಾಗಿಬಿಡುತ್ತದೆ ಎಂದು ನಾವು ಭಾವಿಸುವುದುಂಟು. ಹಾಗಲ್ಲ. ಕಂಪೈಲರಿನಿಂದ ಹೊರಬಂದದ್ದು ಇನ್ನೂ ಹಸಿ ವಸ್ತು. ಅದನ್ನು ಜೋಡಿಸಿ ಬೆಸೆಯುವ ಕೆಲಸ ಬಾಕಿ ಇರುತ್ತದೆ. ನಮ್ಮ ಸಂಘಗಳು ಹೊರತರುವ ಅಭಿನಂದನ ಗ್ರಂಥಗಳನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಹತ್ತು ಮಂದಿ ಲೇಖಕರು ಬೇರೆ ಬೇರೆ ಊರುಗಳಲ್ಲಿ ಕುಳಿತು ಲೇಖನ ಬರೆಯುತ್ತಾರೆ. ಒಬ್ಬರು ತಮ್ಮ ಲೇಖನದಲ್ಲಿ ಇನ್ನೊಬ್ಬರ ಲೇಖನವನ್ನು ಉಲ್ಲೇಖಿಸಿ, ವಿವರಗಳಿಗೆ ಇಂತಿಷ್ಟನೆಯ ಪುಟ ನೋಡಿ ಎಂದು ಬರೆದು, ಪುಟಸಂಖ್ಯೆಯ ಜಾಗವನ್ನು ಖಾಲಿ ಬಿಡುತ್ತಾರೆ. ಯಾಕೆಂದರೆ ಯಾವ ಲೇಖನ ಯಾವ ಪುಟದಲ್ಲಿ ಬರುವುದೆಂದು ಅವರಿಗೆ ತಿಳಿದಿಲ್ಲ. ಲೇಖನಗಳೆಲ್ಲ ಸೇರಿದ ಮೇಲೆ ಸಂಪಾದಕರು ಕ್ರಮವನ್ನು ನಿಶ್ಚಯಿಸಿ, ಪುಟಗಳನ್ನು ಎಣಿಸಿ, ಖಾಲಿ ಬಿಟ್ಟ ಜಾಗಗಳಲ್ಲಿ ಸರಿಯಾದ ಸಂಖ್ಯೆಗಳನ್ನು ತುಂಬುತ್ತಾರೆ. ಗಣಕದಲ್ಲಿ ಈ ಸಂಪಾದಕರ ಹೆಸರು ಲಿಂಕರ್. ಸಾಂಕೇತಿಕ ಪದಗಳಲ್ಲಿ ಬರೆದ ಯಂತ್ರದ ಅಪ್ಪಣೆಗಳನ್ನು ಅಂಕಿಗಳಾಗಿ ಮಾರ್ಪಡಿಸುವ ಅಕ್ಷರಜೋಡಕನ ಹೆಸರು ಅಸೆಂಬ್ಲರ್.

ಸಿಪಿ/ಎಂನ ಆರಂಭದ ದಿನಗಳಲ್ಲಿ ಈ ಏರ್ಪಾಡು ಬಹಳ ಸರಳವಾಗಿತ್ತು. ಡಿಸ್ಕಿನಲ್ಲೇ ಒಂದು ಸಂಪಾದನ ತಂತ್ರಾಂಶ, ಒಂದು ಅಸೆಂಬ್ಲರ್, ಲೋಡ್ ಎಂಬ ಒಂದು ಸಾಧನ, ದೋಷ ಹುಡುಕುವ ಡಿಡಿಟಿ ಎಂಬ ಇನ್ನೊಂದು ಸಾಧನ ಇರುತ್ತಿದ್ದವು. ಹವ್ಯಾಸಿ ತನ್ನ ಕಾರ್ಯಕ್ರಮವನ್ನು ಬರೆದು ಅಸೆಂಬ್ಲರಿಗೆ ಒಪ್ಪಿಸಿದರೆ ಅದು ಹೆಕ್ಸ್ ಎಂಬ ಬಾಲವುಳ್ಳ ಕಡತವನ್ನು ಕೊಡುತ್ತಿತ್ತು. ಅದರ ಪ್ರತಿ ಸಾಲಿನಲ್ಲೂ ಅಪ್ಪಣೆಗಳ ಜೊತೆಗೆ ಅವು ಕೂರಬೇಕಾದ ವಿಳಾಸ ಮತ್ತು ಸಾಲು ಕೆಟ್ಟಿಲ್ಲವೆಂದು ಪರೀಕ್ಷಿಸಲು ಒಂದು ತಾಳೆ ಅಂಕಿ. ಇಂಟೆಲ್ ರೂಪಿಸಿದ ಕಾಗದಪಟ್ಟಿಯ ಕಾಲದ ಎಚ್ಚರಿಕೆ ಅದು. ಲೋಡ್ ಸಾಧನ ಆ ಸಾಲುಗಳನ್ನು ಓದಿ, ತಾಳೆ ನೋಡಿ, ನೇರವಾಗಿ ಓಡಬಲ್ಲ ಕಾಮ್ ಎಂಬ ಬಾಲದ ಕಡತವನ್ನು ಡಿಸ್ಕಿನಲ್ಲಿ ಇಡುತ್ತಿತ್ತು. ಅದರ ಹೆಸರನ್ನು ಒತ್ತಿದರೆ ಸಾಕು, ಕಾರ್ಯಕ್ರಮ ಓಡುತ್ತಿತ್ತು. ಅರಮನೆಯ ಹಂಗು ಹರಿಯಿತು.

ಐದನೆಯ ಮನೆಯ ಗುಟ್ಟು

ಆದರೆ ಇನ್ನೊಂದು ದೊಡ್ಡ ತೊಡಕು ಉಳಿದಿತ್ತು. ಅಂದಿನ ಕಿರುಗಣಕಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಒಂದರಲ್ಲಿ 16 ಸಾವಿರ ಅಕ್ಷರಗಳ ಸ್ಮೃತಿಕೋಶವಿದ್ದರೆ ಮತ್ತೊಂದರಲ್ಲಿ 48 ಸಾವಿರ. ಒಂದರ ಡಿಸ್ಕ್ ಒಂದು ಬಗೆ, ಇನ್ನೊಂದರ ಕೀಲಿಮಣೆ ಇನ್ನೊಂದು ಬಗೆ. ಒಬ್ಬರ ಯಂತ್ರಕ್ಕಾಗಿ ಜೋಡಿಸಿದ ಕಾರ್ಯಕ್ರಮ ಮತ್ತೊಬ್ಬರ ಯಂತ್ರದಲ್ಲಿ ಓಡುವಂತಿರಲಿಲ್ಲ. ಕಿಲ್ಡಾಲ್ ಈ ತೊಡಕನ್ನು ಬಿಡಿಸಿದ ಬಗೆಯಲ್ಲಿ ಅವರ ಪ್ರತಿಭೆಯ ತಿರುಳಿದೆ.

ಅವರು ಸ್ಮೃತಿಕೋಶವನ್ನು ಒಂದು ಬೀದಿಯಂತೆ ಕಂಡರು. ಬೀದಿಯ ಆರಂಭದ 256 ಮನೆಗಳನ್ನು ವ್ಯವಸ್ಥೆಯ ಸ್ವಂತ ಬಳಕೆಗೆ ಕಾದಿರಿಸಿದರು. ಅಲ್ಲಿಂದ ಮುಂದೆ ಬಳಕೆದಾರನ ಕಾರ್ಯಕ್ರಮ. ಕಾರ್ಯಾಚರಣ ವ್ಯವಸ್ಥೆಯ ವಾಸ ಬೀದಿಯ ಕಟ್ಟಕಡೆಯಲ್ಲಿ. ಬೀದಿಯ ಉದ್ದ ಯಂತ್ರದಿಂದ ಯಂತ್ರಕ್ಕೆ ಬೇರೆಯಾದುದರಿಂದ ವ್ಯವಸ್ಥೆಯ ವಿಳಾಸವೂ ಬೇರೆಯಾಗುತ್ತಿತ್ತು. ಹಾಗಾದರೆ ಕಾರ್ಯಕ್ರಮ ಅದನ್ನು ಹುಡುಕುವುದು ಹೇಗೆ? ಹುಡುಕಬೇಕಾಗಿಯೇ ಇಲ್ಲ. ಬೀದಿಯ ಐದನೆಯ ಸಂಖ್ಯೆಯ ಮನೆಯಲ್ಲಿ ಒಬ್ಬ ದ್ವಾರಪಾಲಕನನ್ನು ಕೂರಿಸಲಾಗಿತ್ತು. ಕಾರ್ಯಕ್ರಮ ಸದಾ ಐದನೆಯ ಮನೆಯ ಬಾಗಿಲನ್ನೇ ತಟ್ಟುತ್ತದೆ. ತನಗೆ ಬೇಕಾದ ಸೇವೆಯ ಸಂಖ್ಯೆಯನ್ನು ಹೇಳುತ್ತದೆ. ಪರದೆಯ ಮೇಲೆ ಒಂದು ಅಕ್ಷರ ಮೂಡಿಸಲು ಎರಡನೆಯ ಸೇವೆ, ಕಡತವೊಂದನ್ನು ತೆರೆಯಲು ಹದಿನೈದನೆಯ ಸೇವೆ. ದ್ವಾರಪಾಲಕ ಆ ಯಂತ್ರದಲ್ಲಿ ವ್ಯವಸ್ಥೆ ಎಲ್ಲಿದೆಯೋ ಅಲ್ಲಿಗೆ ಕರೆಯನ್ನು ದಾಟಿಸುತ್ತಾನೆ. ಹೀಗಾಗಿ ಒಮ್ಮೆ ಜೋಡಿಸಿದ ಕಾರ್ಯಕ್ರಮವನ್ನು ಇನ್ನೊಂದು ಯಂತ್ರಕ್ಕಾಗಿ ಮತ್ತೆ ಜೋಡಿಸಬೇಕಾಗಿರಲಿಲ್ಲ.

ಉಳಿದದ್ದು ಯಂತ್ರಾಂಶಗಳ ಭಿನ್ನತೆ. ಇಮ್ಸಾಯ್ ಮುಂತಾದ ತಯಾರಕರು ತಮ್ಮ ತಮ್ಮ ಡಿಸ್ಕ್ ಯಂತ್ರಗಳಿಗೆ ಸಿಪಿ/ಎಂ ಬೇಕೆಂದು ಕೇಳತೊಡಗಿದಾಗ ಪ್ರತಿಸಲವೂ ಇಡೀ ವ್ಯವಸ್ಥೆಯನ್ನು ತಿದ್ದುವುದು ಬೇಸರದ ಕೆಲಸವಾಯಿತು. ಕಿಲ್ಡಾಲ್ ಯಂತ್ರಾಂಶಕ್ಕೆ ಅಂಟಿಕೊಂಡಿದ್ದ ಭಾಗವನ್ನೆಲ್ಲ ಬೇರ್ಪಡಿಸಿ ಒಂದು ಸಣ್ಣ ಕಂತೆಯಾಗಿ ಕಟ್ಟಿದರು. ಅದಕ್ಕೆ ಬಯಾಸ್ ಎಂದು ಹೆಸರಾಯಿತು. ಮುಂದಿನ ಹಲವು ದಶಕಗಳ ಕಾಲ ಪ್ರಪಂಚದ ಕೋಟ್ಯಂತರ ಗಣಕಗಳು ಚಾಲನೆಗೊಳ್ಳುವಾಗ ಈ ಪದ ಪರದೆಯ ಮೇಲೆ ಮೂಡುತ್ತಿತ್ತು.

ಇದರ ಫಲವನ್ನು ಹವ್ಯಾಸಿಗಳ ಕಡೆಯಿಂದ ನೋಡಬೇಕು. ಬಿಡಿಭಾಗಗಳನ್ನು ತಂದು ಮನೆಯಲ್ಲೇ ಗಣಕ ಕಟ್ಟಿದವನಿಗೆ ಈಗ ಯಾರ ಅನುಗ್ರಹವೂ ಬೇಕಾಗಿರಲಿಲ್ಲ. ಹವ್ಯಾಸಿಗಳ ಪತ್ರಿಕೆಯ ಮೂಲಕ 70 ಡಾಲರಿಗೆ ಸಿಪಿ/ಎಂ ದೊರೆಯುತ್ತಿತ್ತು. ಅದರೊಂದಿಗೆ ವ್ಯವಸ್ಥೆಯನ್ನು ತನ್ನ ಯಂತ್ರಕ್ಕೆ ಒಗ್ಗಿಸಿಕೊಳ್ಳುವ ಕ್ರಮವನ್ನು ವಿವರಿಸುವ ಕೈಪಿಡಿಯೂ ಬರುತ್ತಿತ್ತು. ತನ್ನ ಕೀಲಿಮಣೆಗೆ, ತನ್ನ ಡಿಸ್ಕಿಗೆ ತಕ್ಕ ಬಯಾಸ್ ಅನ್ನು ತಾನೇ ಬರೆದು, ಸಿಪಿ/ಎಂನ ಅಸೆಂಬ್ಲರಿನಿಂದಲೇ ಅದನ್ನು ಜೋಡಿಸಿ, ಡಿಡಿಟಿಯ ನೆರವಿನಿಂದ ವ್ಯವಸ್ಥೆಯೊಳಕ್ಕೆ ಕೂರಿಸಿ, ಡಿಸ್ಕಿನ ಮೊದಲ ವರ್ತುಲಗಳಲ್ಲಿ ಬರೆದುಕೊಂಡರೆ ಮುಗಿಯಿತು. ಕೊಂಡವನೇ ಕಟ್ಟುವವನೂ ಆದ. ತಾನು ಬಳಸುವ ಯಂತ್ರದ ಒಳಗುಟ್ಟನ್ನು ಪ್ರತಿ ಹವ್ಯಾಸಿಯೂ ಅರಿಯುವಂತಾಯಿತು. ಗಣಿತದ ಉಪಾಧ್ಯಾಯನಾಗಬೇಕೆಂದು ಹೊರಟಿದ್ದವರು ತಾವು ಕಾಣದ ಸಾವಿರಾರು ಶಿಷ್ಯರಿಗೆ ಈ ರೀತಿಯಲ್ಲಿ ಪಾಠ ಹೇಳಿದರು.

ಪತಿಪತ್ನಿಯರ ಸಂಸ್ಥೆ

ವ್ಯವಸ್ಥೆಯನ್ನು ಮಾರಲು ಕಿಲ್ಡಾಲ್ ಮತ್ತು ಡೊರೊತಿ ಸೇರಿ ಒಂದು ಸಂಸ್ಥೆಯನ್ನು ಕಟ್ಟಿದರು. ಅದಕ್ಕೆ ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್ ಎಂದು ನಾಮಕರಣ. ತಾರಾಮಂಡಲಗಳನ್ನೇ ವ್ಯಾಪಿಸುವ ಆ ಹಾಸ್ಯದ ಹೆಸರು ಮುಂದೆ ಡಿಜಿಟಲ್ ರಿಸರ್ಚ್ ಎಂದಷ್ಟೇ ಉಳಿಯಿತು. ವ್ಯವಹಾರದ ಹೊಣೆ ಡೊರೊತಿಯವರದು, ತಂತ್ರಾಂಶದ ಹೊಣೆ ಗ್ಯಾರಿಯವರದು. 1977ರಲ್ಲಿ ಇಮ್ಸಾಯ್ ಸಂಸ್ಥೆ 25,000 ಡಾಲರ್ ನೀಡಿ ಪರವಾನಗಿ ಪಡೆಯಿತು. ಅನಂತರ ನೂರಾರು ತಯಾರಕರು ಆ ದಾರಿಯಲ್ಲಿ ನಡೆದರು. ವಿದ್ಯಾಲಯದ ನೌಕರಿಯನ್ನು ಬಿಟ್ಟು ಕಿಲ್ಡಾಲ್ ಪೂರ್ಣಕಾಲ ಇದಕ್ಕೇ ಮೀಸಲಾದರು. 1978ರಲ್ಲಿ ವರ್ಡ್‌ಸ್ಟಾರ್ ಬಂದದ್ದು ಸಿಪಿ/ಎಂ ಯಂತ್ರಗಳಿಗಾಗಿಯೇ. ಎಲ್ಲ ಯಂತ್ರಗಳಲ್ಲೂ ಓಡುವ ಸಿದ್ಧ ತಂತ್ರಾಂಶವನ್ನು ಮಾರುವ ಉದ್ಯಮ ಹೀಗೆ ನೆಲೆಯೂರಿತು.

ಈ ಯಶಸ್ಸಿನ ನಡುವೆಯೂ ಕಿಲ್ಡಾಲ್ ಅವರ ಮನಸ್ಸು ನೆಟ್ಟಿದ್ದು ಕಂಪೈಲರ್ ಮತ್ತು ಅದರ ಸುತ್ತಲಿನ ಸಾಧನಗಳ ಮೇಲೆ. ಕಾರ್ಯಕ್ರಮಗಳು ದೊಡ್ಡವಾದಂತೆ ಒಂದೇ ಕಡತದಲ್ಲಿ ಎಲ್ಲವನ್ನೂ ಬರೆಯುವುದು ಅಸಾಧ್ಯವಾಯಿತು. ದೊಡ್ಡ ಯಂತ್ರಗಳ ಭಾಷೆಯೆಂದು ಹೆಸರಾಗಿದ್ದ ಪಿಎಲ್/ಒನ್ ಭಾಷೆಯ ಕಂಪೈಲರನ್ನು ಅವರು ಕಿರುಗಣಕದ ಇಕ್ಕಟ್ಟಿನೊಳಗೆ ಕೂರಿಸಿದರು. ಅದರಿಂದ ಹೊರಬರುವ ಬಿಡಿ ಭಾಗಗಳಲ್ಲಿ ವಿಳಾಸಗಳು ಇನ್ನೂ ನಿಶ್ಚಯವಾಗಿರುತ್ತಿರಲಿಲ್ಲ. ಡಿಜಿಟಲ್ ರಿಸರ್ಚ್‌ನ ಲಿಂಕ್-80 ಎಂಬ ಲಿಂಕರ್ ಆ ಭಾಗಗಳನ್ನೂ, ಹೊಸ ಅಸೆಂಬ್ಲರಿನಿಂದ ಬಂದ ಭಾಗಗಳನ್ನೂ, ಗ್ರಂಥಾಲಯದಲ್ಲಿ ಸಿದ್ಧವಾಗಿದ್ದ ಉಪಕ್ರಮಗಳನ್ನೂ ಒಟ್ಟುಗೂಡಿಸಿ, ಖಾಲಿ ಬಿಟ್ಟ ವಿಳಾಸಗಳನ್ನು ತುಂಬಿ, 256ನೆಯ ಮನೆಯಿಂದ ಆರಂಭವಾಗುವ ಒಂದೇ ಕಾರ್ಯಕ್ರಮವನ್ನು ಕಟ್ಟಿಕೊಡುತ್ತಿತ್ತು. ಅಭಿನಂದನ ಗ್ರಂಥದ ಸಂಪಾದಕರು ಪುಟ್ಟ ಯಂತ್ರದೊಳಗೇ ಬಂದು ಕುಳಿತಂತಾಯಿತು.

1979ರಲ್ಲಿ ಬಂದ, ಒಂದೇ ಯಂತ್ರವನ್ನು ಹಲವರು ಬಳಸಬಹುದಾಗಿದ್ದ ಎಂಪಿ/ಎಂ ವ್ಯವಸ್ಥೆಯಲ್ಲಿ ಒಂದು ಸೊಗಸಾದ ಉಪಾಯವಿತ್ತು. ಅಲ್ಲಿ ಕಾರ್ಯಕ್ರಮ ಯಾವ ಮನೆಯಿಂದ ಆರಂಭವಾಗುವುದೆಂದು ಮುಂಚಿತವಾಗಿ ತಿಳಿಯದು. ಓಡಿಸುವ ಹೊತ್ತಿಗೆ ಅದನ್ನು ಸ್ಥಳಾಂತರಿಸಬೇಕಾಗಿತ್ತು. ಅದರಲ್ಲಿ ಯಾವ ಅಂಕಿಗಳು ವಿಳಾಸಗಳು, ಯಾವುವು ಬರಿಯ ಲೆಕ್ಕದ ಅಂಕಿಗಳು ಎಂದು ತಿಳಿಯುವುದು ಹೇಗೆ? ಅದೇ ಕಾರ್ಯಕ್ರಮವನ್ನು ಎರಡು ಸಲ ಜೋಡಿಸಬೇಕು. ಎರಡನೆಯ ಸಲ 256 ಮನೆಗಳಷ್ಟು ಮುಂದಕ್ಕೆ ಸರಿಸಿ ಜೋಡಿಸಬೇಕು. ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ವ್ಯತ್ಯಾಸ ಕಂಡಲ್ಲೆಲ್ಲ ವಿಳಾಸವಿದೆ ಎಂದರ್ಥ. ಆ ಜಾಗಗಳ ಪಟ್ಟಿಯನ್ನು ಕಾರ್ಯಕ್ರಮದ ಬೆನ್ನಿಗೆ ಕಟ್ಟಿ ಕಳಿಸಿದರೆ ಸಾಕು. ಎರಡು ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸುವ ನಮ್ಮ ಗ್ರಂಥಸಂಪಾದಕರಿಗೆ ಈ ವಿಧಾನ ಆತ್ಮೀಯವೆನಿಸೀತು.

ಆ ಒಂದು ದಿನ

1980ರಲ್ಲಿ ಐಬಿಎಂ ಸಂಸ್ಥೆ ತನ್ನ ವೈಯಕ್ತಿಕ ಗಣಕವನ್ನು ಗುಟ್ಟಾಗಿ ಸಿದ್ಧಪಡಿಸುತ್ತಿತ್ತು. ಕಾರ್ಯಾಚರಣ ವ್ಯವಸ್ಥೆಗಾಗಿ ಅದರ ಪ್ರತಿನಿಧಿಗಳು ಮೈಕ್ರೋಸಾಫ್ಟ್ ಸಂಸ್ಥೆಯನ್ನು ಕೇಳಿದಾಗ ಬಿಲ್ ಗೇಟ್ಸ್ ಅವರನ್ನು ಡಿಜಿಟಲ್ ರಿಸರ್ಚ್ ಕಡೆಗೆ ಕಳಿಸಿದರು. ಪ್ರತಿನಿಧಿಗಳು ಬಂದ ದಿನ ಬೆಳಿಗ್ಗೆ ಕಿಲ್ಡಾಲ್ ತಮ್ಮ ವಿಮಾನದಲ್ಲಿ ಒಬ್ಬ ವ್ಯಾಪಾರ ಗ್ರಾಹಕರನ್ನು ಕಾಣಲು ಹೋಗಿದ್ದರು. ಮಾತುಕತೆಯ ಆರಂಭ ಎಂದಿನಂತೆ ಡೊರೊತಿಯವರದಾಗಿತ್ತು. ಏಕಪಕ್ಷೀಯವೆಂದು ತೋರಿದ ಗೋಪ್ಯತೆಯ ಕರಾರಿಗೆ ಸಹಿ ಹಾಕಲು ಅವರು ಹಿಂಜರಿದರು. ಕಿಲ್ಡಾಲ್ ಆ ಮಧ್ಯಾಹ್ನ ಮಾತುಕತೆಗೆ ಸೇರಿಕೊಂಡರೇ ಇಲ್ಲವೇ ಎಂಬುದರಲ್ಲಿ ಅಂದು ಅಲ್ಲಿದ್ದವರ ನೆನಪುಗಳೇ ಒಂದಕ್ಕೊಂದು ಹೊಂದುವುದಿಲ್ಲ. ಒಪ್ಪಂದವಂತೂ ಆಗಲಿಲ್ಲ. ವಿಹಾರಕ್ಕಾಗಿ ಹಾರಾಡುತ್ತಿದ್ದರೆಂಬುದು ಮಾತ್ರ ಕಟ್ಟುಕಥೆ.

ಮೈಕ್ರೋಸಾಫ್ಟ್ ಸಂಸ್ಥೆ ಸಿಯಾಟಲ್‌ನ ಸಣ್ಣ ಸಂಸ್ಥೆಯೊಂದರಲ್ಲಿ ಟಿಮ್ ಪ್ಯಾಟರ್ಸನ್ ಬರೆದಿದ್ದ ವ್ಯವಸ್ಥೆಯನ್ನು ಪಡೆದು, ಐಬಿಎಂಗೆ ಒಪ್ಪಿಸಿತು. ಸಿಪಿ/ಎಂಗಾಗಿ ಬರೆದ ಕಾರ್ಯಕ್ರಮಗಳನ್ನು ಹೊಸ ಯಂತ್ರಕ್ಕೆ ಸುಲಭವಾಗಿ ತರಲೆಂದು ಅದರ ಸೇವೆಗಳನ್ನು ಸಿಪಿ/ಎಂನ ಮಾದರಿಯಲ್ಲೇ ರಚಿಸಲಾಗಿತ್ತು. ಎರಡನೆಯ ಸೇವೆ ಅಲ್ಲೂ ಅಕ್ಷರ ಮೂಡಿಸುವುದೇ. ಹದಿನೈದನೆಯದು ಅಲ್ಲೂ ಕಡತ ತೆರೆಯುವುದೇ. ಕಾಮ್ ಬಾಲದ ಕಾರ್ಯಕ್ರಮ ಅಲ್ಲೂ 256ನೆಯ ಮನೆಯಿಂದಲೇ ಆರಂಭ. ಕಿಲ್ಡಾಲ್ ಆಕ್ಷೇಪಿಸಿದಾಗ ಐಬಿಎಂ ತನ್ನ ಗಣಕದೊಂದಿಗೆ ಸಿಪಿ/ಎಂ-86 ಅನ್ನೂ ಮಾರಲು ಒಪ್ಪಿ, ಪ್ರತಿಯಾಗಿ ಮೊಕದ್ದಮೆ ಹೂಡುವುದಿಲ್ಲವೆಂಬ ಭರವಸೆಯನ್ನು ಪಡೆಯಿತು. 1981ರಲ್ಲಿ ಗಣಕ ಮಾರುಕಟ್ಟೆಗೆ ಬಂತು. ಡಾಸ್‌ನ ಬೆಲೆ 40 ಡಾಲರ್, ಸಿಪಿ/ಎಂ-86ರ ಬೆಲೆ 240 ಡಾಲರ್. ಫಲಿತಾಂಶವನ್ನು ಊಹಿಸಲು ಗಣಿತಜ್ಞರೇ ಬೇಕಾಗಿರಲಿಲ್ಲ.

ಕಿಲ್ಡಾಲ್ ಅವರಲ್ಲಿ ದೋಷಗಳೇ ಇರಲಿಲ್ಲವೆಂದಲ್ಲ. ವ್ಯವಹಾರದಲ್ಲಿ ಅವರಿಗೆ ಒಲವು ಕಡಿಮೆ. ಹೊಸ ಸಂಸ್ಕಾರಕಕ್ಕೆ ತಕ್ಕ ಸಿಪಿ/ಎಂ ಹೊರಬರುವುದು ತಡವಾಗಿದ್ದುದೂ ನಿಜ. ಆ ತಡದಿಂದಲೇ ಪ್ಯಾಟರ್ಸನ್ ತಮ್ಮದೊಂದನ್ನು ಬರೆದುಕೊಂಡರು. ಆದರೆ ಒಬ್ಬರು ಕಳೆದುಕೊಂಡ ಹಣದಿಂದ ಅವರು ಕೊಟ್ಟ ವಿದ್ಯೆಯನ್ನು ಅಳೆಯಲಾಗದು.

ಕೊನೆಯ ವರ್ಷಗಳು

ಮುಂದೆಯೂ ಅವರು ಸುಮ್ಮನೆ ಕೂರಲಿಲ್ಲ. 1983ರಿಂದ 1990ರವರೆಗೆ ಅಮೆರಿಕದ ಸಾರ್ವಜನಿಕ ದೂರದರ್ಶನದ ಕಂಪ್ಯೂಟರ್ ಕ್ರಾನಿಕಲ್ಸ್ ಕಾರ್ಯಕ್ರಮದಲ್ಲಿ ಸ್ಟುವರ್ಟ್ ಶೆಫೇ ಅವರೊಂದಿಗೆ ಸಹನಿರೂಪಕರಾಗಿ, ಪ್ರತಿಸ್ಪರ್ಧಿಗಳ ಸಾಧನೆಗಳನ್ನೂ ಸಮಚಿತ್ತದಿಂದ ವಿವರಿಸಿದರು. ಅವರು ಸ್ಥಾಪಿಸಿದ ಇನ್ನೊಂದು ಸಂಸ್ಥೆ 1985ರಲ್ಲಿ ಗ್ರೋಲಿಯರ್ ವಿಶ್ವಕೋಶವನ್ನು ಸಿಡಿ ತಟ್ಟೆಗೆ ಇಳಿಸಿತು. 1991ರಲ್ಲಿ ನೋವೆಲ್ ಸಂಸ್ಥೆ ಡಿಜಿಟಲ್ ರಿಸರ್ಚ್ ಅನ್ನು ಕೊಂಡಿತು. ಕಿಲ್ಡಾಲ್ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಬಳಿ ನೆಲೆಸಿ, ಏಡ್ಸ್ ಪೀಡಿತ ಮಕ್ಕಳ ನೆರವಿನ ಕಾರ್ಯದಲ್ಲಿ ತೊಡಗಿಕೊಂಡರು. ಸಂಪತ್ತಿಗೆ ಕೊರತೆ ಇರಲಿಲ್ಲ. ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಡೊರೊತಿಯವರೊಂದಿಗಿನ ದಾಂಪತ್ಯ ಅದಾಗಲೇ ಮುರಿದಿತ್ತು. ಹೋದಲ್ಲೆಲ್ಲ ಆ ವಿಮಾನದ ಕಥೆಯೇ ಎದುರಾಗುತ್ತಿತ್ತು.

1992ರಲ್ಲಿ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಗಣಕವಿಜ್ಞಾನ ವಿಭಾಗದ 25ನೆಯ ವರ್ಷದ ಸಮಾರಂಭಕ್ಕೆ ಅವರಿಗೂ ಆಹ್ವಾನ ಬಂದಿತು. ಮುಖ್ಯ ಭಾಷಣದ ಗೌರವ ಮಾತ್ರ ಅಲ್ಲಿ ಡಾಕ್ಟರೇಟ್ ಪಡೆದಿದ್ದ ಕಿಲ್ಡಾಲ್ ಅವರಿಗಲ್ಲ, ಬಿಲ್ ಗೇಟ್ಸ್ ಅವರಿಗೆ ಸಂದಿತ್ತು. ನೊಂದ ಕಿಲ್ಡಾಲ್ ತಮ್ಮ ನೆನಪುಗಳನ್ನು ಬರೆಯಲು ಕುಳಿತರು. ಆ ಹಸ್ತಪ್ರತಿಯನ್ನು ಕೆಲವೇ ಆಪ್ತರಿಗೆ ಹಂಚಿದರು. ಅದು ಗ್ರಂಥವಾಗಿ ಹೊರಬರುವ ಮೊದಲೇ, 1994ರ ಜುಲೈಯಲ್ಲಿ, ಮಾಂಟೆರೆಯಲ್ಲಿ ತಲೆಗೆ ಪೆಟ್ಟಾಗಿ ಮೂರು ದಿನಗಳ ಅನಂತರ, ಜುಲೈ 11ರಂದು, ತಮ್ಮ 52ನೆಯ ವಯಸ್ಸಿನಲ್ಲಿ ಇಹಲೋಕವನ್ನು ತ್ಯಜಿಸಿದರು. ಹುಟ್ಟೂರಾದ ಸಿಯಾಟಲ್‌ನಲ್ಲಿ ಅವರ ಅಂತ್ಯಸಂಸ್ಕಾರ ನೆರವೇರಿತು.

ಗೌರವಗಳು ತಡವಾಗಿ ಬಂದವು. 1995ರಲ್ಲಿ ತಂತ್ರಾಂಶ ಪ್ರಕಾಶಕರ ಸಂಘ ಅವರನ್ನು ಮರಣೋತ್ತರವಾಗಿ ಗೌರವಿಸಿತು. 2014ರ ಏಪ್ರಿಲ್‌ನಲ್ಲಿ ವಿದ್ಯುತ್ ಮತ್ತು ವಿದ್ಯುನ್ಮಾನ ಇಂಜಿನಿಯರುಗಳ ಅಂತಾರಾಷ್ಟ್ರೀಯ ಸಂಸ್ಥೆ ಪೆಸಿಫಿಕ್ ಗ್ರೋವ್‌ನ ಅವರ ಹಳೆಯ ಕಚೇರಿಯ ಮುಂದೆ ಸ್ಮಾರಕ ಫಲಕವನ್ನು ನೆಟ್ಟಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಗಣಕ ಇತಿಹಾಸ ವಸ್ತುಸಂಗ್ರಹಾಲಯ ಸಿಪಿ/ಎಂನ ಆರಂಭದ ಆವೃತ್ತಿಗಳ ಮೂಲಪಾಠವನ್ನು ಲೋಕಕ್ಕೆ ತೆರೆದಿಟ್ಟಿತು. 2016ರಲ್ಲಿ ಮಕ್ಕಳ ಒಪ್ಪಿಗೆಯಿಂದ ಅವರ ಆತ್ಮಕಥನದ ಆರಂಭಿಕ ಭಾಗವೂ ಬೆಳಕು ಕಂಡಿತು.

ಆದರೂ ಅವರಿಗೆ ಸಲ್ಲುತ್ತಿರುವ ಅತ್ಯುತ್ತಮ ಗೌರವ ಫಲಕಗಳದ್ದಲ್ಲ. ಸಿಪಿ/ಎಂ ಓಡಿಸಲು ಹೆಸರಾದ ಜೆಡ್80 ಎಂಬ ಸಂಸ್ಕಾರಕದ ಮೂಲ ಬಿಡಿ ರೂಪಕ್ಕೆ ಅದರ ತಯಾರಕರು 2024ರಲ್ಲಿ ವಿದಾಯ ಹೇಳಿದರು. ಹಾಗಿದ್ದರೂ ಹಲವು ದೇಶಗಳ ಹವ್ಯಾಸಿಗಳು ಇಂದಿಗೂ ಆ ಸಂಸ್ಕಾರಕದ ಸುತ್ತ ತಮ್ಮ ಕೈಯಾರೆ ಗಣಕಗಳನ್ನು ಕಟ್ಟುತ್ತಿದ್ದಾರೆ. ಇಂದಿನ ಯಂತ್ರಗಳಲ್ಲಿ ಕಂಪೈಲರ್, ಅಸೆಂಬ್ಲರ್, ಲಿಂಕರ್ ಮೂರೂ ಒಂದೇ ಗುಂಡಿಯ ಹಿಂದೆ ಅಡಗಿ ಕುಳಿತಿವೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುವ ನಮ್ಮ ಮಕ್ಕಳಲ್ಲಿ ಅನೇಕರು ಆ ಮೂವರನ್ನು ಬೇರೆ ಬೇರೆಯಾಗಿ ಕಂಡಿರಲಾರರು. ಕಾಣಬೇಕೆನ್ನುವವರು ಕಿಲ್ಡಾಲ್ ಅವರ ವ್ಯವಸ್ಥೆಯ ಬಳಿಗೆ ಹೋಗಬಹುದು. ಹತ್ತು ಸಾಲಿನ ಒಂದು ಕಾರ್ಯಕ್ರಮ ಬರೆದು, ಅಸೆಂಬ್ಲರಿಗೆ ಕೊಟ್ಟು, ಹೆಕ್ಸ್ ಕಡತದ ಸಾಲುಗಳನ್ನು ಕಣ್ಣಾರೆ ಓದಿ, ಲೋಡ್ ಮಾಡಿ, ಹೆಸರನ್ನು ಒತ್ತಿದರೆ, ಆ ಪುಟ್ಟ ಯಂತ್ರ ಹೇಳಿದಷ್ಟನ್ನು ಮಾಡಿ ಮುಗಿಸುತ್ತದೆ. ಬಳಿಕ ಪರದೆಯ ಮೇಲೆ ಪುನಃ ಅದೇ ‘ಎ’ ಅಕ್ಷರ, ಅದೇ ಬಾಣದ ಮೊನೆ ಮೂಡುತ್ತದೆ, ಮುಂದಿನ ಪಾಠಕ್ಕೆ ಸಿದ್ಧನಾಗಿರುವ ಉಪಾಧ್ಯಾಯನ ಹಾಗೆ.